ಕೂದಲೆಳೆಯಷ್ಟು ಸಡಿಲ

ಮಾರ್ಚ್ 11, ಶನಿವಾರ

ಈ ವರ್ಷ ಮಳೆಯಿಲ್ಲದ ಮೊದಲ ಶನಿವಾರ, ಸೈಕಲ್ ಚಕ್ರಗಳನ್ನು ಬಿಚ್ಚಿ ಗ್ರೀಸು ಹಾಕುವ ದಿನ. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಸೀಮೆಎಣ್ಣೆಯ ಬಟ್ಟಲು, ಹಳದಿ ಗ್ರೀಸಿನ ಡಬ್ಬಿ, ತೆಳು ಸ್ಪ್ಯಾನರುಗಳ ಜೋಡಿ, ಬೇರಿಂಗ್ ಗುಂಡುಗಳನ್ನು ಎಣಿಸಿಡಲು ಎರಡು ಮೊಟ್ಟೆಬಟ್ಟಲು, ಎಲ್ಲವನ್ನೂ ಒಂಬತ್ತೂವರೆಗೇ ಅಣಿಮಾಡಿದೆ. ಹತ್ತು ಗಂಟೆಗೆ ಫೆನ್ನಾ ಬರಬೇಕಿತ್ತು.

ಹತ್ತು ವರ್ಷಗಳಿಂದ ಈ ದಿನ ಅವಳು ತಪ್ಪಿಸಿದ್ದಿಲ್ಲ. ಮೊದಲ ಸಲ ಬಂದಾಗ ಅವಳು ನನ್ನ ತರಗತಿಯ ಒಂಬತ್ತು ವರ್ಷದ ಹುಡುಗಿ. ಚಕ್ರದ ಆಕ್ಸಲನ್ನು ಅವಸರದಿಂದ ಎಳೆದು, ಇಪ್ಪತ್ತು ಗುಂಡುಗಳೂ ಒಲೆಯ ಕೆಳಗೆ ಓಡಿಹೋದಾಗ ಅಳಲಿಲ್ಲ. ಹೊಟ್ಟೆಯ ಮೇಲೆ ಮಲಗಿ ಇಪ್ಪತ್ತನ್ನೂ ಹುಡುಕಿ ತಂದಳು. ಈ ಮಗುವಿಗೆ ಕಲಿಸಬಹುದು ಎಂದು ಅಂದೇ ನನಗೆ ಮನದಟ್ಟಾಯಿತು. ಈಗ ಗ್ರೋನಿಂಗನ್‌ನಲ್ಲಿ ಶಿಕ್ಷಕಿಯಾಗಲು ಓದುತ್ತಿದ್ದಾಳೆ. ನಲವತ್ತೊಂದು ವರ್ಷದ ಮೇಸ್ಟರಿಕೆಯಲ್ಲಿ ಇದಕ್ಕಿಂತ ದೊಡ್ಡ ಸಂಬಳ ನನಗೆ ಸಿಕ್ಕಿಲ್ಲ.

ಹನ್ನೆರಡರವರೆಗೆ ಕಾದೆ. ಎರಡು ಸಲ ಕಾಫಿ ಮಾಡಿದೆ. ಆಮೇಲೆ ಪಕ್ಕದ ಮನೆಯ ಕ್ಲಾಸ್ಕೆ ಬೇಲಿಯ ಮೇಲಿಂದ ಇಣುಕಿ, ನನ್ನ ಮೇಜನ್ನು ಕಿಟಕಿಯಿಂದಲೇ ಅಳೆದು ನೋಡಿ, ಸುದ್ದಿ ಮುಟ್ಟಿಸಿದಳು. ಫೆನ್ನಾ ಬೆಳಗಿನಿಂದ ಕಾಲುವೆಯಾಚೆ ಇದ್ದಾಳಂತೆ, ಹೊಸದಾಗಿ ಬಂದಿರುವ ಆ ನರ್ಸು ಮಾರಿಟ್‌ಳ ಶೆಡ್ಡಿನಲ್ಲಿ. ಯಾರೋ ಬಳಸಿಬಿಟ್ಟ ರೇಸ್ ಸೈಕಲ್ಲೊಂದನ್ನು ಫೆನ್ನಾ ಕೊಂಡಿದ್ದಾಳಂತೆ.

"ನಿಮ್ಮ ಶಿಷ್ಯೆ ಗಡಿ ದಾಟಿದ್ಳು, ಮೇಸ್ಟ್ರೇ. ಮೊದಲೇ ಕಾಲುವೆ ಸೇತುವೆ ಎತ್ತಿಸಿಬಿಡ್ಬೇಕಿತ್ತು ನೀವು" ಎಂದಳು ಕ್ಲಾಸ್ಕೆ. ಅವಳ ತಮಾಷೆಗಳಿಗೆ ಯಾವಾಗಲೂ ಸಣ್ಣದೊಂದು ಮುಳ್ಳಿರುತ್ತದೆ.

ಮಧ್ಯಾಹ್ನ ನನ್ನ ಸೈಕಲ್ಲಿನ ಎರಡೂ ಚಕ್ರಗಳನ್ನು ಬಿಚ್ಚಿ, ತೊಳೆದು, ಹೊಸ ಗ್ರೀಸು ಹಾಕಿದೆ. ಅವಕ್ಕೆ ಅದರ ಅಗತ್ಯವಿರಲಿಲ್ಲ.

ಮಾರ್ಚ್ 19, ಭಾನುವಾರ

ಫೆನ್ನಾ ಬಂದಿದ್ದಳು. ಸಕ್ಕರೆ ಬ್ರೆಡ್ಡು ತಂದಿದ್ದಳು. ತಪ್ಪು ಮಾಡಿದಾಗ ಅವಳ ಕೈ ಬರಿದಾಗಿರುವುದಿಲ್ಲ. ಹೇಳಬೇಕೆಂದಿದ್ದೆ, ಮರೆತೇ ಹೋಯಿತು ಎಂದಳು. ಆಗಲಿ ಎಂದೆ.

ಪೆಂಟಕೋಸ್ಟ್ ಹಬ್ಬದ ಸೋಮವಾರ ನಡೆಯುವ ಹನ್ನೊಂದು ಊರುಗಳ ಸೈಕಲ್ ಸುತ್ತನ್ನು ಈ ಸಲ ಮುಗಿಸಿಯೇ ತೀರುವ ಹಟ ಅವಳಿಗೆ. ಒಂದೇ ದಿನದಲ್ಲಿ ಇನ್ನೂರ ಮೂವತ್ತೈದು ಕಿಲೋಮೀಟರು, ಪ್ರತಿ ಊರಿನಲ್ಲೂ ಚೀಟಿಗೆ ಒಂದು ಮುದ್ರೆ. ಕಳೆದ ವರ್ಷ ತನ್ನ ಭಾರದ ಹಳೆಯ ಸೈಕಲ್ಲಿನಲ್ಲಿ ಎಂಟನೆಯ ಊರಿನವರೆಗೆ ಹೋಗಿ, ಮಂಡಿ ಹಿಡಿದುಕೊಂಡು ರಸ್ತೆ ಬದಿಯಲ್ಲಿ ಕೂತುಬಿಟ್ಟಿದ್ದಳು. ಆ ಚಕ್ರಗಳಿಗೆ ಗ್ರೀಸು ಹಾಕಿದವನು ನಾನೇ. ಅವು ಬೆಣ್ಣೆಯಂತೆ ತಿರುಗುತ್ತಿದ್ದವು. ಆದರೆ ಸೈಕಲ್ಲಿನ ಭಾರವನ್ನು ಗ್ರೀಸು ಇಳಿಸಲಾರದು.

ಹೊಸ ಸೈಕಲ್ಲಿನ ಚಕ್ರಕ್ಕೆ ನಟ್ಟುಗಳಿಲ್ಲ. ಪೊಳ್ಳು ಆಕ್ಸಲ್ಲು, ಅದರೊಳಗೆ ಒಂದು ಸರಳು, ತುದಿಗೆ ಒಂದು ಲಿವರು. ಲಿವರು ಮಡಚಿದರೆ ಚಕ್ರ ಕೂತಿತು, ಬಿಡಿಸಿದರೆ ಬಂದಿತು. "ಇದರಲ್ಲಿ ಕೋನು ಕೂರಿಸೋದನ್ನ ಮಾರಿಟ್ ಬೇರೆ ಥರ ಮಾಡ್ತಾಳೆ, ಮೇಸ್ಟ್ರೇ. ಯಾಕೆ ಅಂದ್ರೆ..." ಎಂದು ಶುರುಮಾಡಿದಳು. ಕೋನು ಕೂರಿಸುವುದು ಎಲ್ಲಿ ಹೋದರೂ ಒಂದೇ ಎಂದೆ. ಗುಂಡುಗಳನ್ನು ಎರಡು ಕಡೆಯಿಂದ, ಆಕ್ಸಲ್ಲಿನ ಮೇಲೆ ತಿರುಗಿಸಿ ಕೂರಿಸುವ ಎರಡು ಕೋನುಗಳು ಹಿಡಿಯಬೇಕು. ಬಿಗಿಯಾದರೆ ಅರೆಯುತ್ತದೆ, ಸಡಿಲವಾದರೆ ಅಲುಗುತ್ತದೆ. ಎರಡೂ ಆಗದ ಬಿಂದು ಒಂದೇ ಒಂದಿರುತ್ತದೆ. ಇದನ್ನು ಅವಳಿಗೆ ಕಲಿಸಿದವನೇ ನಾನು. ಅವಳು ಬ್ರೆಡ್ಡಿಗೆ ಬೆಣ್ಣೆ ಸವರಿದಳು.

ಏಪ್ರಿಲ್ 1, ಶನಿವಾರ

ಬ್ರೆಡ್ಡು ತರಲು ಕಾಲುವೆಯಾಚೆಯ ದಾರಿಯಲ್ಲಿ ಹೋದೆ. ಸ್ವಲ್ಪ ಸುತ್ತು, ಆದರೆ ನಡಿಗೆ ಆರೋಗ್ಯಕ್ಕೆ ಒಳ್ಳೆಯದು.

ಶೆಡ್ಡಿನ ಬಾಗಿಲು ಹಾರುಹೊಡೆದಿತ್ತು. ಫೆನ್ನಾ ಮತ್ತು ಇನ್ನೂ ನಾಲ್ವರು ಹುಡುಗ ಹುಡುಗಿಯರು, ನಡುವೆ ಆ ಹೆಂಗಸು. ಮೂವತ್ತೈದು ದಾಟಿರಲಾರದು. ನಿಂತುಕೊಂಡೇ ಕಲಿಸುತ್ತಾಳೆ. ಗ್ರೀಸು ನೀಲಿ ಬಣ್ಣದ್ದು. ಅದನ್ನು ಚಕ್ರದ ನಡುವಿನ ಹಬ್ಬಿನೊಳಗೆ ಕೇಕಿಗೆ ಕೆನೆ ತುಂಬುವಂತೆ ತುಂಬುತ್ತಾಳೆ, ಅರ್ಧ ಹೊರಗೆ ಉಕ್ಕುತ್ತದೆ. ಗುಂಡುಗಳನ್ನು ಎಣಿಸಿದ್ದನ್ನು ನಾನು ಕಾಣಲಿಲ್ಲ. ಬಿಸ್ಕತ್ತಿನ ಡಬ್ಬಿ ತೆರೆದೇ ಇತ್ತು. ಒಬ್ಬರಿಗೆ ಒಂದು ಕೊಟ್ಟು ಮುಚ್ಚಳ ಹಾಕುವ ಪದ್ಧತಿಯೇ ಇಲ್ಲ, ಕೈ ಹಾಕಿದವರಿಗೆ ಹಾಕಿದಷ್ಟು. ಮಕ್ಕಳು ಯಾಕೆ ಅಲ್ಲಿಗೆ ಹೋಗುತ್ತಾರೆಂದು ಆಗ ಅರ್ಥವಾಯಿತು.

ಎಲ್ಲರೂ ಯಾವುದಕ್ಕೋ ನಗುತ್ತಿದ್ದರು. ಫೆನ್ನಾ ತಲೆಯನ್ನು ಹಿಂದಕ್ಕೆ ಒಗೆದು ನಗುತ್ತಿದ್ದಳು. ನನ್ನ ಅಡುಗೆಮನೆಯಲ್ಲಿ ಅವಳು ಹಾಗೆ ನಕ್ಕದ್ದು ನೆನಪಿಲ್ಲ. ನಮ್ಮಲ್ಲಿ ಕೆಲಸ ನಡೆಯುತ್ತಿತ್ತು.

ಇದು ಅಸೂಯೆಯಲ್ಲ. ಒಂದು ಜೀವಮಾನ ಮಕ್ಕಳಿಗೆ ಪಾಠ ಹೇಳಿದವನಿಗೆ ಪಾಠ ಹೇಳುವ ಕ್ರಮದ ಬಗ್ಗೆ ಒಂದು ಅಭಿಪ್ರಾಯವಿರುವುದು ಸಹಜ. ಎಳೆಯರ ಬಗ್ಗೆ ಕಾಳಜಿಯಿರುವ ಯಾರಿಗಾದರೂ ಇರುತ್ತದೆ.

ಬ್ರೆಡ್ಡು ತರುವುದು ಮರೆತುಹೋಯಿತು.

ಏಪ್ರಿಲ್ 27, ಗುರುವಾರ

ರಾಜನ ಹುಟ್ಟುಹಬ್ಬ. ಊರೆಲ್ಲ ಕಿತ್ತಳೆ ಬಣ್ಣ. ಮಕ್ಕಳು ಬೀದಿಯುದ್ದಕ್ಕೂ ಕಂಬಳಿ ಹಾಸಿ, ಹಳೆಯ ಆಟದ ಸಾಮಾನುಗಳನ್ನು ಮಾರಲು ಕೂತಿದ್ದರು. ಕಾಲುವೆಯಾಚೆಯ ಶೆಡ್ಡಿಗೆ ಹೋಗುವ ಎಂಟು ವರ್ಷದ ಹುಡುಗಿಯೊಬ್ಬಳು ಒಂದು ಪುಟ್ಟ ಚಕ್ರವನ್ನು ಮುಂದಿಟ್ಟುಕೊಂಡು ಬಂದವರಿಗೆಲ್ಲ ವಿದ್ಯೆ ಪ್ರದರ್ಶಿಸುತ್ತಿದ್ದಳು. ಫೆನ್ನಾ ಪಕ್ಕದಲ್ಲೇ ನಿಂತಿದ್ದಳು.

"ಆಕ್ಸಲ್ ಹಿಡ್ಕೊಂಡು ಕಣ್ಣು ಮುಚ್ಚಿ ತಿರುಗಿಸ್ಬೇಕು. ಗುಂಡು ಏನ್ ಹೇಳತ್ತೋ ಅದು ಕಿವಿಗೆ ಕೇಳ್ಸಲ್ಲ, ಬೆರಳಿಗೆ ಕೇಳ್ಸತ್ತೆ" ಎಂದಳು ಮಗು, ನನ್ನತ್ತ ನೋಡುತ್ತ.

ಅದು ನನ್ನ ಮಾತು. ಅಕ್ಷರಕ್ಷರವೂ ನನ್ನದು. ಆ ಮಗುವಿನ ತಾಯಿ ಹುಟ್ಟುವ ಮುಂಚೆಯೇ ನಾನು ಅದನ್ನು ಹೇಳುತ್ತಿದ್ದೆ. ಯಾರು ಹೇಳಿಕೊಟ್ಟದ್ದೆಂದು ಕೇಳಿದೆ.

"ಮಾರಿಟ್" ಎಂದಿತು ಮಗು.

ಫೆನ್ನಾ ಕೇಳಿಸಿಕೊಂಡಳು. ತಿದ್ದಲಿಲ್ಲ. ನನ್ನನ್ನು ನೋಡಿ ಮುಗುಳ್ನಕ್ಕಳು, ಯಾವುದೋ ಸಂತೋಷದ ಗುಟ್ಟನ್ನು ನಾವಿಬ್ಬರೂ ಹಂಚಿಕೊಂಡವರ ಹಾಗೆ. ನಾನು ಮನೆಗೆ ಬಂದೆ.

ಏಪ್ರಿಲ್ 28

ಮಳೆ. ಬರೆಯುವಂಥದ್ದು ಏನೂ ಇಲ್ಲ.

ಮೇ 18, ಗುರುವಾರ

ಇಷ್ಟು ದಿನಗಳ ನಂತರ ಒಂದು ಒಳ್ಳೆಯ ಸುದ್ದಿ. ಫೆನ್ನಾ ಪರೀಕ್ಷೆಗೆ ಗ್ರೋನಿಂಗನ್‌ಗೆ ಹೊರಟಿದ್ದಾಳೆ. ಅಲ್ಲಿ ಒಳ್ಳೆಯ ಸೈಕಲ್ಲನ್ನು ಬೀದಿಯಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಬೀಗ ಮಾತ್ರ ಉಳಿದಿರುತ್ತದೆ. ಅವಳ ತಾಯಿಯ ಮನೆಗೆ ಶೆಡ್ಡಿಲ್ಲ. ರೇಸ್ ಸೈಕಲ್ಲನ್ನು ಎಂಟು ದಿನ ನನ್ನ ಶೆಡ್ಡಿನಲ್ಲಿ ಬಿಟ್ಟು ಹೋಗುವುದಾಗಿ ಹೇಳಿದಳು. ಕಾಲುವೆಯಾಚೆ ಅಲ್ಲ, ನನ್ನಲ್ಲಿ.

"ಏನೂ ಮಾಡ್ಬೇಕಾಗಿಲ್ಲ ಮೇಸ್ಟ್ರೇ, ಎಲ್ಲಾ ರೆಡಿ ಇದೆ. ಸುಮ್ನೆ ಇರ್ಲಿ" ಎಂದು ಎರಡು ಸಲ ಹೇಳಿದಳು. ಒಂದು ಸಲ ಹೇಳಿದ್ದರೆ ಸಾಕಿತ್ತು.

ಮೇ 20, ಶನಿವಾರ

ಶಾಂತವಾಗಿ, ಕ್ರಮವಾಗಿ ಬರೆಯುತ್ತೇನೆ.

ಬೆಳಗ್ಗೆ ಶೆಡ್ಡಿಗೆ ಹೋದದ್ದು ಹಳೆಯ ಬಕೆಟ್ಟನ್ನು ಹುಡುಕಲು. ಸೈಕಲ್ಲು ಎದುರಿಗೇ ಇತ್ತು. ಲಿವರು ಬಿಡಿಸಿ ಮುಂದಿನ ಚಕ್ರವನ್ನು ಹೊರತೆಗೆದೆ. ಆಕ್ಸಲ್ಲಿನ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ಮೇಲೆ ಕೆಳಗೆ ಮಾಡಿದೆ. ಅಲುಗಿತು. ಸಣ್ಣಗೆ, ಕೂದಲೆಳೆಯಷ್ಟು, ಆದರೆ ನಿಸ್ಸಂದೇಹವಾಗಿ.

ನನ್ನ ಎಂಟು ವರ್ಷದ ವಿದ್ಯಾರ್ಥಿಗಳೂ ಇಂಥ ಕೆಲಸ ಮಾಡಿ ನನಗೆ ತೋರಿಸುವ ಧೈರ್ಯ ಮಾಡುತ್ತಿರಲಿಲ್ಲ. ಇನ್ನೂರ ಮೂವತ್ತೈದು ಕಿಲೋಮೀಟರು ಈ ಅಲುಗಾಟದ ಮೇಲೆ! ಅಂದರೆ ಇಷ್ಟೆಲ್ಲ ನಗು, ನೀಲಿ ಗ್ರೀಸು, ತೆರೆದ ಡಬ್ಬಿಯ ಕೊನೆಗೆ ಸಿಕ್ಕಿದ್ದು ಇದು. ಒಪ್ಪಿಕೊಳ್ಳಬೇಕು, ಬಹಳ ದಿನಗಳಿಂದ ಇಷ್ಟು ಹಗುರವಾಗಿ ನಾನು ಉಸಿರಾಡಿರಲಿಲ್ಲ.

ಚಕ್ರವನ್ನು ಅಡುಗೆಮನೆಗೆ ತಂದು, ಸಡಿಲ ಪೂರ್ತಿ ಹೋಗುವವರೆಗೆ ಕೋನನ್ನು ಬಿಗಿ ಮಾಡಿ, ಲಾಕ್ ನಟ್ಟು ಕೂರಿಸಿದೆ. ನಲವತ್ತು ವರ್ಷಗಳಿಂದ ಶಾಲೆಯ ಮಕ್ಕಳ ಸೈಕಲ್ಲುಗಳಿಗೆ ಮಾಡಿದಂತೆಯೇ, ಶುದ್ಧವಾಗಿ. ಮತ್ತೆ ಸೈಕಲ್ಲಿಗೆ ಹಾಕಿ ಲಿವರು ಮಡಚಿ ತಿರುಗಿಸಿದೆ. ನಾನು ಎಣಿಸಿದ್ದಕ್ಕಿಂತ ಸ್ವಲ್ಪ ಬೇಗ ನಿಂತಿತು. ಹೊಸ ಗ್ರೀಸು ದಪ್ಪವಿರುತ್ತದೆ, ಅಷ್ಟೆ.

ಫೆನ್ನಾಗೆ ಹೇಳುವುದಿಲ್ಲ. ಹೇಳಿದರೆ ಆ ಹೆಂಗಸಿಗೆ ಅವಮಾನವಾದೀತು. ಒಳ್ಳೆಯ ಕೆಲಸಕ್ಕೆ ಹೆಸರು ಬೇಕಿಲ್ಲ.

ಮೇ 26, ಶುಕ್ರವಾರ

ಫೆನ್ನಾ ಸೈಕಲ್ಲು ಒಯ್ದಳು. ಎರಡು ದಿನ, ಸುತ್ತು ಶುರುವಾಗುವ ಬೊಲ್ಸ್‌ವರ್ಡ್‌ನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು, ಸೋಮವಾರ ಬೆಳಗ್ಗೆ ಅಲ್ಲಿಂದಲೇ ಹೊರಡುತ್ತಾಳೆ.

ಹೋಗುವ ಮುನ್ನ ಮುಂದಿನ ಚಕ್ರವನ್ನು ಎತ್ತಿ ತಿರುಗಿಸಿದಳು. ತಲೆ ಓರೆ ಮಾಡಿ ನೋಡಿದಳು. ಇನ್ನೊಮ್ಮೆ ತಿರುಗಿಸಿದಳು.

"ನೀವೇನಾದ್ರೂ ಮುಟ್ಟಿದ್ರಾ, ಮೇಸ್ಟ್ರೇ?"

"ಇಲ್ಲ" ಎಂದೆ.

"ಹಾಗಾದ್ರೆ ಮಾರಿಟ್ ಹೀಗೇ ಬಿಟ್ಟಿರ್ಬೇಕು" ಎಂದು ಹೊರಟಳು.

ಹತ್ತು ವರ್ಷಗಳಲ್ಲಿ ಅವಳಿಗೆ ನಾನು ಹೇಳಿದ ಮೊದಲ ಸುಳ್ಳೇ ಇದು? ಇರಬಹುದು. ಆದರೆ ಉದ್ದೇಶ ಸುಳ್ಳಲ್ಲ. ಕೆಲವೊಮ್ಮೆ ಎಳೆಯರಿಗಾಗಿ ಹಿರಿಯರು ಮೌನವಾಗಿ ಭಾರ ಹೊರಬೇಕಾಗುತ್ತದೆ.

ರಾತ್ರಿ ಊಟ ಸೇರಲಿಲ್ಲ.

ಮೇ 28, ಪೆಂಟಕೋಸ್ಟ್ ಭಾನುವಾರ

ಮೂರು ಗಂಟೆಗೆ ಬಾಗಿಲು ಬಡಿದ ಸದ್ದು. ತೆರೆದರೆ ಮಾರಿಟ್. ಜೊತೆಗೆ ಒಂದು ಕರಿಯ ಹಳೆಯ ಸೈಕಲ್ಲು, ಅವಳ ತಾಯಿಯದು. ಒಳಗೆ ಕರೆಯದಿರಲು ನನಗೆ ಯಾವ ಕಾರಣವೂ ಸಿಗಲಿಲ್ಲ. ಕಾಫಿ ಕೊಟ್ಟೆ, ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿದೆ.

ಹತ್ತಿರದಿಂದ ನೋಡಿದರೆ ದಣಿದ ಮುಖ. ವಾರವಿಡೀ ಮನೆಮನೆಗೆ ಹೋಗಿ ಮುದುಕರ ಕಾಲಿಗೆ ಪಟ್ಟಿ ಕಟ್ಟುತ್ತಾಳಂತೆ. ಕೈಬೆರಳುಗಳ ಗೆಣ್ಣುಗಳಲ್ಲಿ ನೀಲಿ ಗ್ರೀಸು ಉಳಿದಿತ್ತು. ನಾಚಿಕೆಯಿಂದಲೇ ಮಾತು ತೆಗೆದಳು. ಗುಂಡಿನ ಮಾತು ಬೆರಳಿಗೆ ಕೇಳಿಸುತ್ತದೆ ಎಂಬುದನ್ನು ಫೆನ್ನಾಳಿಂದ ಕಲಿತದ್ದಂತೆ. ಶನಿವಾರದ ಮಕ್ಕಳಿಗೆಲ್ಲ ಅದನ್ನೇ ಹೇಳಿಕೊಡುತ್ತಿರುವುದಾಗಿಯೂ, ಅದು ಮೇಸ್ಟರ ಮಾತೆಂದು ಪ್ರತಿ ಸಲವೂ ಹೇಳುವುದಾಗಿಯೂ, ಚಿಕ್ಕವು ಅದನ್ನು ಮರೆತುಬಿಡುವುದಾಗಿಯೂ ಹೇಳಿದಳು. ನಾನು ಕಾಫಿಯನ್ನು ಕಲಕಿದೆ. ಅದಕ್ಕೆ ಸಕ್ಕರೆ ಹಾಕಿರಲಿಲ್ಲ.

ಆಮೇಲೆ ಬಂದ ಕಾರಣ ಹೇಳಿದಳು.

"ನಟ್ ಇರೋ ಆಕ್ಸಲ್ ನಂಗೆ ಬರಲ್ಲ, ಮೇಸ್ಟ್ರೇ. ಲಿವರ್ ಇರೋದ್ರಲ್ಲಿ ಕಲಿತವಳು ನಾನು. ಅದ್ರಲ್ಲಿ ಕೈಯಲ್ಲಿ ಹಿಡಿದಾಗ ಕೂದಲೆಳೆಯಷ್ಟು ಸಡಿಲ ಬಿಡ್ಲೇಬೇಕು. ಲಿವರ್ ಮಡಚಿದ್ರೆ ಪೊಳ್ಳು ಆಕ್ಸಲ್ ಒತ್ತಿ ಕುಗ್ಗತ್ತೆ, ಸಡಿಲ ತಾನಾಗೇ ಹೋಗತ್ತೆ. ಮೊದಲೇ ಬಿಗಿ ಮಾಡಿಟ್ರೆ ಗುಂಡು ಅರೆದುಹೋಗತ್ತೆ. ಅಮ್ಮನ ಸೈಕಲ್ಲಿಗೂ ಅದೇ ಅಭ್ಯಾಸದಲ್ಲಿ ಬಿಟ್ಟೆ. ಎಷ್ಟು ನಟ್ ಬಿಗಿದ್ರೂ ಸಡಿಲ ಹಾಗೇ ಉಳೀತು. ಅಮ್ಮ ಕುಡಿದವರ ಥರ ಓಲಾಡ್ಕೊಂಡು ಚರ್ಚಿಗೆ ಹೋದ್ರು."

ಅವಳು ನಕ್ಕಳು. ನಾನೂ ನಕ್ಕಿರಬೇಕು. ಹಬ್ಬ ಕಳೆಯಲಿ, ಮಂಗಳವಾರ ತೋರಿಸುತ್ತೇನೆ ಎಂದೆ. ಸೈಕಲ್ಲು ಬಿಟ್ಟು ಹೋದಳು.

ಹೇಳಲಿಲ್ಲ. ಅವಳು ನನ್ನೆದುರಿಗೆ ಕೂತಿದ್ದಳು, ಒಂದು ಗಂಟೆ ಕೂತಿದ್ದಳು, ನಾನು ಹೇಳಲಿಲ್ಲ.

ಅವಳು ಹೋದ ಮೇಲೆ ಫೆನ್ನಾಗೆ ಎರಡು ಸಲ ಫೋನು ಮಾಡಿದೆ. ಬೇಗ ಮಲಗಲೆಂದು ಫೋನು ಆರಿಸಿಟ್ಟಿರಬೇಕು. ಹದಿನೈದು ಸಾವಿರ ಜನ ಗುಂಪು ಗುಂಪಾಗಿ ಹೊರಡುತ್ತಾರೆ; ಅವಳ ಗುಂಪು ಯಾವುದೆಂದು ನಾನು ಕೇಳಿಯೇ ಇರಲಿಲ್ಲ. ಅವಳು ತಪ್ಪದೆ ಹಾದುಹೋಗುವ ಜಾಗವೆಂದರೆ ನಮ್ಮೂರ ಸೇತುವೆ, ಅದೂ ತೊಂಬತ್ತು ಕಿಲೋಮೀಟರು ತುಳಿದ ಮೇಲೆ.

ಮೇ 29, ಸೋಮವಾರ

ಸೇತುವೆಯ ಬಳಿ ಎಂದಿನಂತೆ ಮೇಜುಗಳು: ಬಾಳೆಹಣ್ಣು, ಬಟಾಣಿ ಸೂಪು, ಬ್ಯಾಂಡಿನವರು. ನಾನು ಏಳಕ್ಕೇ ನಿಂತೆ. ಜೇಬಿನಲ್ಲಿ ಸ್ಪ್ಯಾನರುಗಳು, ಒಂದು ಪುಟ್ಟ ಡಬ್ಬಿಯಲ್ಲಿ ಇಪ್ಪತ್ತು ಹೊಸ ಗುಂಡುಗಳು. ಮಾರಿಟ್ ಬಾಳೆಹಣ್ಣಿನ ಮೇಜಿನಲ್ಲಿದ್ದಳು. ಎಂಟರ ಹೊತ್ತಿಗೆ ಅವಳ ಹತ್ತಿರ ಹೋಗಿ ಹೇಳಿದೆ. ಕಾರಣ ಏನೂ ಹೇಳಲಿಲ್ಲ, ಮಾಡಿದ್ದನ್ನಷ್ಟೆ.

ಅವಳು ಬೈಯಲಿಲ್ಲ. "ಎಷ್ಟು ಬಿಗಿ ಮಾಡಿದ್ರಿ?" ಎಂದು ಕೇಳಿದಳು. ಸಡಿಲ ಪೂರ್ತಿ ಹೋಗುವವರೆಗೆ ಎಂದೆ. ತನ್ನ ಸಲಕರಣೆ ತರಲು ಮನೆಗೆ ನಡೆದಳು. ಅವಳು ಹೋಗುವುದನ್ನೇ ನೋಡುತ್ತ, ಬೈದಿದ್ದರೆ ಚೆನ್ನಾಗಿತ್ತು ಎನಿಸಿತು.

ಫೆನ್ನಾ ಬಂದದ್ದು ಹತ್ತೂಕಾಲಿಗೆ. ಜೊತೆಯ ಗುಂಪು ಯಾವಾಗಲೋ ಮುಂದೆ ಹೋಗಿತ್ತು. ಒಬ್ಬಳೇ, ಮುಖ ಕೆಂಪಾಗಿ, ಎದುರುಗಾಳಿಯಲ್ಲಿ ಗಾಡಿ ಎಳೆಯುವವಳಂತೆ ತುಳಿಯುತ್ತಿದ್ದಳು. ಬ್ಯಾಂಡಿನ ಸದ್ದಿನ ನಡುವೆಯೂ ಆ ಚಕ್ರದ ಗೊರಗೊರ ನನಗೆ ಕೇಳಿಸಿತು. ರಸ್ತೆಗಿಳಿದು ಕೈ ಅಡ್ಡ ಹಿಡಿದೆ.

"ಫೆನ್ನಾ, ಮುಂದಿನ ಚಕ್ರ ಬಿಗಿ ಮಾಡಿದ್ದು ನಾನು. ಶುಕ್ರವಾರ ನಿನಗೆ ಸುಳ್ಳು ಹೇಳಿದೆ."

ಅವಳು ಒಂದು ಕಾಲು ನೆಲಕ್ಕೂರಿ ನನ್ನನ್ನೇ ನೋಡಿದಳು. ಆಮೇಲೆ ಮಾರಿಟ್‌ಳನ್ನು ನೋಡಿದಳು.

"ಮೂವತ್ತು ಕಿಲೋಮೀಟರಿಂದ ಇವಳನ್ನ ಬೈಕೊಂಡು ಬರ್ತಿದೀನಿ" ಎಂದಳು. "ನೀವು ಇಲ್ಲ ಅಂದ್ರಲ್ಲ. ನಾನು ನಂಬಿದೆ."

"ಏನಂತ ಬೈದೆ?" ಎಂದು ಮಾರಿಟ್ ಕೇಳಿದಳು, ಆಗಲೇ ಲಿವರು ಬಿಡಿಸುತ್ತ.

"ಮೇಸ್ಟ್ರ ಮುಂದೆ ಹೇಳೋ ಹಾಗಿಲ್ಲ."

ನಗಲು ಯಾರಿಗೂ ಬಿಡುವಿರಲಿಲ್ಲ. ಬಾಳೆಹಣ್ಣಿನ ಮೇಜಿನ ಮೇಲೇ ಹಬ್ಬು ಬಿಚ್ಚಿದೆವು. ಒಂದು ಬದಿಯ ಹತ್ತು ಗುಂಡುಗಳಲ್ಲಿ ಮೂರರ ಹೊಳಪು ಹೋಗಿತ್ತು. ಕೋನಿನ ಮೇಲೆ ಉಗುರಿಗೆ ತಗಲುವಷ್ಟು ಗಾಯ. ನನ್ನ ಇಪ್ಪತ್ತು ಹೊಸ ಗುಂಡುಗಳು ಒಳಗೆ ಹೋದವು. ಮಾರಿಟ್ ಕೋನು ತಿರುಗಿಸಿದಳು, ನಾನು ಎದುರಿನ ಸ್ಪ್ಯಾನರು ಹಿಡಿದೆ. ಕೂದಲೆಳೆಯಷ್ಟು ಸಡಿಲ ಬಿಟ್ಟು, ಚಕ್ರ ಹಾಕಿ, ಲಿವರು ಮಡಚಿ, ರಿಮ್ಮನ್ನು ಅಲುಗಿಸಿ ನೋಡಲು ನನಗೆ ಹೇಳಿದಳು. ಇನ್ನೂ ಸ್ವಲ್ಪ ಅಲುಗಿತು. ಬಿಚ್ಚಿ ಮತ್ತೆ ಮಾಡಿದಳು. ಮೂರನೆಯ ಸಲ ಲಿವರು ಮಡಚುತ್ತಿದ್ದಂತೆಯೇ ನನ್ನ ಬೆರಳ ಕೆಳಗೆ ಆ ಅಲುಗಾಟ ಹೋಯಿತು, ಮತ್ತು ಚಕ್ರ ನಿಲ್ಲದೆ ತಿರುಗುತ್ತಲೇ ಇತ್ತು. ಅರವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಕಂಡೆ. ಎಷ್ಟು ಸೊಗಸಾದ ಸಂಗತಿ!

ಫೆನ್ನಾ ನಿಂತೇ ಸೂಪು ಕುಡಿದಳು. ಹತ್ತುವ ಮುನ್ನ ನನ್ನ ಕಡೆ ತಿರುಗಿದಳು.

"ಈ ವಾರ ನಿಮ್ಮ ಜೊತೆ ಮಾತಾಡಲ್ಲ ನಾನು. ಮುಂದಿನ ಶನಿವಾರಾನೂ ಆಗಲ್ಲ, ಅಷ್ಟು ಬೇಗ ಕೋಪ ಇಳಿಯಲ್ಲ. ಹತ್ತನೇ ತಾರೀಖು ಬರ್ತೀನಿ. ಬೆಳಗ್ಗೆ ಹತ್ತಕ್ಕೆ."

ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೆ.

ಮೇ 30, ಮಂಗಳವಾರ

ಫೆನ್ನಾ ರಾತ್ರಿ ಒಂಬತ್ತೂ ನಲವತ್ತಕ್ಕೆ ಮುಗಿಸಿದಳಂತೆ. ಹನ್ನೊಂದು ಮುದ್ರೆಗಳ ಚೀಟಿಯ ಚಿತ್ರವನ್ನು ಮಾರಿಟ್ ತನ್ನ ಫೋನಿನಲ್ಲಿ ತೋರಿಸಿದಳು. ಫೆನ್ನಾ ಅದನ್ನು ನನಗೆ ಕಳಿಸಿರಲಿಲ್ಲ. ಅದನ್ನು ನೋಡುತ್ತಿದ್ದಾಗ ನನ್ನೊಳಗೆ ಉರಿದದ್ದು ಕಾಳಜಿಯೇನೂ ಅಲ್ಲ.

ಮಾರಿಟ್‌ಳ ತಾಯಿಯ ಸೈಕಲ್ಲಿನ ಎರಡೂ ಚಕ್ರ ಮುಗಿಸಿದೆವು. ಮಾರಿಟ್‌ಳ ಕೈ ಸ್ಥಿರವಾಗಿದೆ. ಎರಡನೆಯದನ್ನು ಅವಳೊಬ್ಬಳೇ ಮಾಡಿದಳು. ನಾಲ್ಕು ಬಿಸ್ಕತ್ತು ತಿಂದಳು.

ಜೂನ್ 10, ಶನಿವಾರ

ಹತ್ತಕ್ಕೆ ಸರಿಯಾಗಿ ಫೆನ್ನಾ ಬಂದಳು. ಕೈಯಲ್ಲಿ ಮುಂದಿನ ಚಕ್ರ ಮತ್ತು ಮಾರಿಟ್ ತರಿಸಿಕೊಟ್ಟ ಹೊಸ ಕೋನುಗಳ ಜೋಡಿ. ಗಾಯವಾದದ್ದನ್ನು ಬದಲಿಸಬೇಕಂತೆ. ಕೂರಲಿಲ್ಲ.

"ಒಂದು ಕೇಳ್ತೀನಿ. ಪಾಠ ಹೇಳ್ಬಾರ್ದು" ಎಂದಳು. "ಮಾರಿಟ್ ಮೇಲೆ ಹೊಟ್ಟೆಕಿಚ್ಚಿತ್ತಾ ನಿಮಗೆ?"

"ಇತ್ತು."

"ಈಗ?"

ಬಹಳ ಉತ್ತರಗಳು ಬಾಯಿಗೆ ಬಂದವು. ಎಲ್ಲವೂ ಚೆನ್ನಾಗಿ ಕಟ್ಟಿದ ವಾಕ್ಯಗಳು. "ಈಗಲೂ ಇದೆ" ಎಂದೆ. "ಸ್ವಲ್ಪ."

ಅವಳು ನನ್ನ ಮುಖ ನೋಡಿದಳು, ಲೆಕ್ಕದ ಉತ್ತರ ಸರಿಯಿದೆಯೇ ಎಂದು ನೋಡುವ ಹಾಗೆ. ಆಮೇಲೆ ಚಕ್ರವನ್ನು ಮೇಜಿಗೆ ಹಾಸಿದ್ದ ಪತ್ರಿಕೆಯ ಮೇಲೆ, ನನ್ನ ಸ್ಪ್ಯಾನರುಗಳ ಪಕ್ಕದಲ್ಲೇ ಇಟ್ಟಳು. ಕ್ಲಾಸ್ಕೆಯನ್ನು ಮಾತಾಡಿಸಿ ಬರುತ್ತೇನೆ, ಬಂದ ಮೇಲೆ ಇಬ್ಬರೂ ಸೇರಿ ಮಾಡೋಣ ಎಂದು ಹೊರಗೆ ಹೋದಳು. ಕ್ಲಾಸ್ಕೆಯ ಮನೆಗೆ ಹೋದವರು ಅರ್ಧ ಗಂಟೆಗೆ ಮೊದಲು ಹೊರಬಂದದ್ದಿಲ್ಲ. ಅದು ಅವಳಿಗೂ ಗೊತ್ತು.

ಮೂವತ್ತೈದು ನಿಮಿಷಗಳಾದವು. ಚಕ್ರವನ್ನು ನಾನು ಮುಟ್ಟಲಿಲ್ಲ.